ಸದ್ದಿಲ್ಲ ಅಂದ್ರೆ ಓಡಿ: ನಮ್ಮ ಕರಾವಳಿ ಮನೆಗಳ ತುಂಟ ಮಕ್ಕಳ ಲೆಕ್ಕ

(ಈ ವಾರದ ಎಪಿಸೋಡಿನ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ಕುಮಟಾ–ಹೊನ್ನಾವರ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರು, ಅಂಗಡಿ ಗಲ್ಲಾಪೆಟ್ಟಿಗೆ ಹಿಂದೆ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕ್ಕೊಂಡಿರೋರು, ಬೆಂಗಳೂರಿನ ಪಿಜಿಯಲ್ಲಿ ಊರು ನೆನಪಾಗಿ ಹಾಕ್ಕೊಂಡಿರೋರು, ಎಲ್ಲರಿಗೂ ಸ್ವಾಗತ. ಕಳೆದ ಎರಡು ವಾರ ಎಸ್‌ಐಪಿ, ಕ್ರೆಡಿಟ್ ಸ್ಕೋರ್ ಅಂತ ನಿಮ್ಮ ತಲೆ ತಿಂದಿದ್ದೆ. ಈ ವಾರ ಮಕ್ಕಳು. ಮದುವೆನೇ ಆಗದ ಇವನಿಗೆ ಮಕ್ಕಳ ವಿಷಯ ಎಂತಕ್ಕೆ ಅಂತ ನಗಬೇಡಿ. ನಮ್ಮ ಮನೆಯಲ್ಲಿ ಎರಡು ಇವೆ. ಅಕ್ಕನ ಮಕ್ಕಳು. ಭಾವ ಬೆಂಗಳೂರಲ್ಲಿ ಕೆಲಸ, ಅಕ್ಕ ಇಲ್ಲೇ ಶಾಲೆಯಲ್ಲಿ ಟೀಚರ್. ಹಾಗಾಗಿ ಐದು ವರ್ಷದ ಕೂಸು, ಮೂರು ವರ್ಷದ ಮಾಣಿ, ಇಬ್ಬರೂ ಹಗಲಿಡೀ ನಮ್ಮ ಆಯಿಯ ಸುಪರ್ದಿಯಲ್ಲಿ. ನಾನು ಮನೆಯಿಂದಲೇ ಕೆಲಸ ಮಾಡೋನು. ಹೆಸರಿಗೆ ಮಾವ, ಕೆಲಸಕ್ಕೆ ವಾಚ್‌ಮನ್.

ಮಾಣಿಯ ಈ ವರ್ಷದ ಸಾಧನೆಗಳನ್ನ ಹೇಳಿಬಿಡ್ತೇನೆ. ಒಣಹಾಕಿದ ಹಪ್ಪಳದ ಮೇಲೆ ನಡೆದುಕೊಂಡು ಹೋಗಿದ್ದು. ಅಜ್ಜನ ಕನ್ನಡಕವನ್ನ ಅಕ್ಕಿ ಡಬ್ಬದೊಳಗೆ ಹುಗಿದಿಟ್ಟಿದ್ದು. ಅದು ಸಿಕ್ಕಿದ್ದು ಹತ್ತು ದಿನ ಬಿಟ್ಟು, ದೋಸೆಗೆ ಅಕ್ಕಿ ಅಳೀವಾಗ. ಯಕ್ಷಗಾನ ನೋಡಿಕೊಂಡು ಬಂದ ಮಾರನೇ ದಿನ ಆಯಿಯ ಒಳ್ಳೆ ಸೀರೆ ಸುತ್ತಿಕೊಂಡು, ಮುಖಕ್ಕೆ ಕುಂಕುಮ ಬಳಕೊಂಡು ಜಗಲಿಯಿಂದ ಅಂಗಳಕ್ಕೆ ಹಾರಿದ್ದು. ನಮ್ಮ ಊರಲ್ಲಿ ಇದು ಮಾಮೂಲು. ಕೆರೆಮನೆ ಮೇಳ ಹುಟ್ಟಿದ ತಾಲೂಕು ನಮ್ಮದು, 1934ರಿಂದ. ಹೊನ್ನಾವರದ ಮನೆಗಳಲ್ಲಿ ಟವೆಲನ್ನ ಮುಂಡಾಸು ಮಾಡಿಕೊಂಡು ಕುಣಿಯದ ಮಕ್ಕಳು ಕಡಿಮೆ.

ಇದೆಲ್ಲ ನಗೋ ವಿಷಯ. ನಗದೇ ಇರೋ ವಿಷಯ ಆಗಿದ್ದು ಜುಲೈನಲ್ಲಿ.

ಆಗಿನ ಮಳೆ ನಿಮಗೆ ಗೊತ್ತು. ಜಿಲ್ಲಾಡಳಿತ ಶಾಲೆ-ಅಂಗನವಾಡಿಗೆಲ್ಲ ರಜೆ ಕೊಟ್ಟಿತ್ತು, ಸತತ ಮೂರನೇ ದಿನ. ಮಕ್ಕಳು ಮನೆಯೊಳಗೆ ಕೂತು ಕೂತು ಹುಚ್ಚು ಹಿಡಿದವರ ಹಾಗೆ ಆಗಿದ್ದರು. ಮಧ್ಯಾಹ್ನ ಮಳೆ ಸ್ವಲ್ಪ ನಿಂತಿತು. ಮಾಡಿನ ಮೇಲೆ ಮಳೆ ಬೀಳದೇ ಇರೋ ಹೊತ್ತು ಅಂದ್ರೆ ನನಗೆ ಬಂಗಾರ, ರೆಕಾರ್ಡಿಂಗ್ ಮಾಡಬಹುದು. ಮಾಣಿಯನ್ನ ಕರೆದು, "ಮಾವ ಹತ್ತು ನಿಮಿಷ ಮಾತಾಡ್ತೆ, ಶಬ್ದ ಮಾಡಲಾಗ, ಆಮೇಲೆ ಚಾಕಲೇಟ್" ಅಂದೆ. ಬಾಗಿಲು ಹಾಕ್ಕೊಂಡೆ. ನಿಜ ಹೇಳ್ತೇನೆ, ಅಷ್ಟು ಚೆನ್ನಾದ ಸೈಲೆನ್ಸ್ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಅಡುಗೆ ಮನೆಯಿಂದ ಆಯಿ ಬಂದು ಬಾಗಿಲು ಬಡಿದರು. "ಮಾಣಿ ಎಲ್ಲಿದ್ದ? ಶಬ್ದನೇ ಇಲ್ಲೆ." ನಾನು ಸಿಟ್ಟಿನಿಂದ, ನಾನೇ ಸುಮ್ಮನಿರೋಕೆ ಹೇಳಿದ್ದು ಅಂದೆ. ಆಯಿ ಅದನ್ನ ಕೇಳಿಸಿಕೊಳ್ಳೋಕೂ ನಿಲ್ಲಲಿಲ್ಲ, ಹಿತ್ತಲಿಗೆ ಓಡಿದರು.

ಮಾಣಿ ಬಾವಿಕಟ್ಟೆ ಹತ್ತಿರ ಇದ್ದ. ಬಕೆಟ್ ಬೋರಲು ಹಾಕಿ, ಅದರ ಮೇಲೆ ಹತ್ತಿ, ಹೊಟ್ಟೆಯವರೆಗೆ ಕಟ್ಟೆ ಮೇಲೆ ಮಲಗಿ ಕೆಳಗೆ ನೋಡ್ತಿದ್ದ. ಒಂದೊಂದೇ ಗೆರಟೆ ತೆಗೆದು ಬಾವಿಗೆ ಹಾಕ್ತಿದ್ದ. ಆಯಿ ಕೂಗಲಿಲ್ಲ. ಕೂಗಿದರೆ ಬೆಚ್ಚಿ ಮುಂದಕ್ಕೆ ಹೋಗ್ತಾನೆ ಅಂತ ಅವರಿಗೆ ಹೇಗೆ ಹೊಳೆಯಿತೋ. ಮೆತ್ತಗೆ ಹಿಂದಿನಿಂದ ಹೋಗಿ ಚಡ್ಡಿ ಹಿಡಿದು ಎತ್ತಿಕೊಂಡರು. ನಾನು ಅಷ್ಟೊತ್ತಿಗೆ ಅಂಗಳದಲ್ಲಿ ನಿಂತಿದ್ದೆ, ಕೈಕಾಲು ಓಡ್ತಿರಲಿಲ್ಲ.

ರಾತ್ರಿ ಎಡಿಟಿಂಗಿಗೆ ಕೂತೆ. ರೆಕಾರ್ಡಿಂಗಿನಲ್ಲಿ ನನ್ನ ಮಾತಿನ ಹಿಂದೆ, ತುಂಬಾ ಸಣ್ಣಗೆ, ಡುಬುಕ್ ಅಂತ ಕೇಳ್ತದೆ. ಒಟ್ಟು ನಾಲ್ಕು ಸಲ. ಗೊತ್ತಿರದೇ ಇದ್ದಿದ್ದರೆ ನಾಯ್ಸ್ ರಿಡಕ್ಷನ್ ಹಾಕಿ ಅಳಿಸಿಬಿಡ್ತಿದ್ದೆ. ಆ ಎಪಿಸೋಡನ್ನ ನಾನು ಹಾಕಲೇ ಇಲ್ಲ.

"ಹೇಳಿದ್ದೆನಲ್ಲ!"

ಅವತ್ತು ಸಂಜೆ ಅಕ್ಕ ಮಾಣಿಯನ್ನ ಎದುರು ಕೂರಿಸಿಕೊಂಡು ಕೇಳಿದಳು, ಬಾವಿ ಹತ್ರ ಹೋಗೋ ವಿಷಯ ನಿನಗೆ ಎಂತ ಹೇಳಿತ್ತು ಅಂತ. ಅವನು ಗಿಣಿ ಹಾಗೆ ಒಪ್ಪಿಸಿದ, "ಬಾವಿ ಹತ್ರ ಹೋಪ್ಲಾಗ." ಹೋಗಬಾರದು ಅಂತ ಪೂರ್ತಿ ಗೊತ್ತು. ಹಾಗಿದ್ರೆ ಹೋಗಿದ್ದು ಯಾಕೆ? ಮನೆಯಲ್ಲಿ ಎಲ್ಲರ ತೀರ್ಪು ಒಂದೇ, ಹಠಮಾರಿ, ಬೇಕಂತ್ಲೇ ಮಾಡ್ತಾನೆ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದಿಷ್ಟು ಓದಿದೆ.

ಫಿಲಿಪ್ ಝೆಲಾಜೊ ಅಂತ ಒಬ್ಬ ಮನಃಶಾಸ್ತ್ರಜ್ಞರಿದ್ದಾರೆ. ಚಿಕ್ಕ ಮಕ್ಕಳ ಜೊತೆ ಅವರದ್ದೊಂದು ಕಾರ್ಡಿನ ಆಟ ಇದೆ. ಕಾರ್ಡುಗಳಲ್ಲಿ ಬೇರೆ ಬೇರೆ ಬಣ್ಣದ ಬೇರೆ ಬೇರೆ ಚಿತ್ರ. ಮೊದಲು ಮಗುವಿಗೆ ಬಣ್ಣದ ಪ್ರಕಾರ ಬೇರೆ ಮಾಡು ಅಂತಾರೆ. ಮಾಡ್ತದೆ. ಆಮೇಲೆ, ಈಗ ಆಟ ಬದಲಾಯ್ತು, ಚಿತ್ರದ ಆಕಾರದ ಪ್ರಕಾರ ಬೇರೆ ಮಾಡು ಅಂತಾರೆ. ಮೂರು ವರ್ಷದ ಹೆಚ್ಚಿನ ಮಕ್ಕಳು ಮತ್ತೆ ಬಣ್ಣದ ಪ್ರಕಾರವೇ ಹಾಕ್ತಾ ಹೋಗ್ತಾರೆ. ಮಜಾ ಏನಂದ್ರೆ, ಹೊಸ ನಿಯಮ ಏನು ಅಂತ ಕೇಳಿದ್ರೆ ಸರಿಯಾಗಿಯೇ ಹೇಳ್ತಾರೆ. ಬಾಯಿಗೆ ಬಂದ ನಿಯಮ ಕೈಗೆ ಬರಲ್ಲ. ಐದು ವರ್ಷ ಆಗೋ ಹೊತ್ತಿಗೆ ಹೆಚ್ಚಿನವರು ಬದಲಾಯಿಸಿಕೊಳ್ತಾರೆ.

ಯಾಕೆ ಹೀಗೆ? ಕೈಯನ್ನ ತಡೆಯೋ ಕೆಲಸ ಮಾಡೋದು ಮಿದುಳಿನ ಮುಂಭಾಗ, ಹಣೆಯ ಹಿಂದಿನ ಜಾಗ. ಅದು ಎಲ್ಲಕ್ಕಿಂತ ನಿಧಾನಕ್ಕೆ ಬೆಳೆಯೋದು, ಇಪ್ಪತ್ತು ದಾಟಿದ ಮೇಲೂ ಬೆಳೀತಾ ಇರ್ತದೆ. ನಮ್ಮ ಕೆಲವು ಫ್ರೆಂಡ್ಸ್ ಬೈಕ್ ಓಡಿಸೋದು ನೋಡಿದ್ರೆ ಇದು ನಿಜ ಅನ್ನಿಸ್ತದೆ. ಮೂರು ವರ್ಷದ ಮಗುವಿಗೆ ನಿಯಮ ನೆನಪಿರ್ತದೆ, ಆದರೆ ಎದುರಿಗೆ ಡುಬುಕ್ ಅನ್ನೋ ಬಾವಿ ಬಂದಾಗ ಆ ನೆನಪಿಗೆ ಕೈಯನ್ನ ಹಿಡಿದು ನಿಲ್ಲಿಸೋ ಶಕ್ತಿ ಇರಲ್ಲ.

ಇನ್ನು ಆ ಡುಬುಕ್. ಊಟಕ್ಕೆ ಕೂತ ಮಗು ಚಮಚ ಕೆಳಗೆ ಹಾಕ್ತದೆ, ನೀವು ಎತ್ತಿಕೊಡ್ತೀರಿ, ಮತ್ತೆ ಹಾಕ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತನ್ನದೇ ಮೂರು ಮಕ್ಕಳನ್ನ ನೋಡ್ತಾ ಇದನ್ನ ಬರೆದಿಟ್ಟ. ಒಂದು ವರ್ಷದ ಆಸುಪಾಸಿನಲ್ಲಿ ಮಗು ಬೇಕಂತಲೇ ಬೇರೆ ಬೇರೆ ಎತ್ತರದಿಂದ, ಬೇರೆ ಬೇರೆ ಥರ ಬೀಳಿಸಿ ಏನಾಗ್ತದೆ ಅಂತ ನೋಡ್ತದೆ. ನಮಗೆ ಅದು ಉಪದ್ರ, ಅದಕ್ಕೆ ಪ್ರಯೋಗ. ನಮ್ಮ ಮಾಣಿ ಗೆರಟೆಯಿಂದ ಶುರು ಮಾಡಿ ಮುಂದೆ ಏನೇನು ಹಾಕುವವನಿದ್ದನೋ. ಪಕ್ಕದಲ್ಲಿ ನನ್ನ ಒಂದು ಚಪ್ಪಲಿಯೂ ರೆಡಿ ಇತ್ತು.

ಇನ್ನೊಂದು ಲೆಕ್ಕ ಹೇಳ್ತೇನೆ, ಅಜ್ಜಿಯಂದಿರಿಗೆ ಯಾಕೆ ಸುಸ್ತಾಗ್ತದೆ ಅಂತ ಗೊತ್ತಾಗ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ತಂಡ ಒಂದರಿಂದ ಒಂದೂವರೆ ವರ್ಷದ ಮಕ್ಕಳು ಆಡೋದನ್ನ ವಿಡಿಯೋ ಮಾಡಿ ಎಣಿಸಿತು. ಸರಾಸರಿ ಗಂಟೆಗೆ ಸುಮಾರು 2,400 ಹೆಜ್ಜೆ, 17 ಸಲ ಬೀಳೋದು. ಗಂಟೆಗೆ! ಅರವತ್ತು ದಾಟಿದ, ಮಂಡಿ ನೋವಿರೋ ಒಬ್ಬರು ಇದರ ಹಿಂದೆ ಓಡಬೇಕು, ಜೊತೆಗೆ ಒಲೆ ಮೇಲೆ ಸಾರು ಕುದೀತಿರ್ತದೆ.

ಅಂದ್ರೆ "ಹೇಳಿದ್ದೆನಲ್ಲ" ಅನ್ನೋದನ್ನ ರಕ್ಷಣೆ ಅಂತ ನಂಬೋ ಹಾಗಿಲ್ಲ. ಅಕೌಂಟ್ಸ್ ಭಾಷೆಯಲ್ಲಿ, ಅದು ಬರಬೇಕಾದ ಸಾಲ ಇದ್ದ ಹಾಗೆ. ಪುಸ್ತಕದಲ್ಲಿ ಇದೆ, ಕೈಯಲ್ಲಿ ಇಲ್ಲ.

ನೀರಿನ ವಿಷಯ

ಭಟ್ಕಳ, ಹೊನ್ನಾವರ, ಕುಮಟಾ ಅಂದಕೂಡಲೇ ಹೊರಗಿನವರಿಗೆ ನೆನಪಾಗೋದು ಸಮುದ್ರ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡಾಗ ಇಡೀ ರಾಜ್ಯ ಸಮುದ್ರದ ಬಗ್ಗೆ ಮಾತಾಡಿತು. ಆದರೆ ಐದು ವರ್ಷದೊಳಗಿನ ಮಗುವಿಗೆ ಸಮುದ್ರದವರೆಗೆ ಹೋಗೋ ಅಗತ್ಯವೇ ಇಲ್ಲ. ಮನೆ ಸುತ್ತ ನೋಡಿ. ಹಿತ್ತಲಲ್ಲಿ ಬಾವಿ. ತೋಟದಲ್ಲಿ ಬಸಿಗಾಲುವೆ. ಬಚ್ಚಲಲ್ಲಿ ತುಂಬಿಸಿಟ್ಟ ಬಕೆಟ್, ಹಂಡೆ. ಗೊಬ್ಬರಗುಂಡಿ. ಚಿರೇಕಲ್ಲು ತೆಗೆದು ಹಾಗೇ ಬಿಟ್ಟ ಕ್ವಾರಿ, ಮಳೆಗಾಲದಲ್ಲಿ ಅದು ಕೆರೆ. ಏಪ್ರಿಲ್‌ನಲ್ಲಿ ಹಗ್ಗ ಇಳಿಬಿಟ್ಟು ಇಳಿಬಿಟ್ಟು ಸಾಕಾಗೋ ಬಾವಿಯಲ್ಲಿ ಜುಲೈಗೆ ಬಗ್ಗಿದ್ರೆ ಕೈಗೆ ಸಿಗೋ ಹಾಗೆ ನೀರು. ಬೇಸಿಗೆಯಲ್ಲಿ ಹೆದರಿಸೋ ಬಾವಿ ಮಳೆಗಾಲದಲ್ಲಿ ಮಗುವನ್ನ ಕರೀತದೆ.

ಕುಮಟಾದ ಅಘನಾಶಿನಿ ಬದಿಯಲ್ಲಿ ನಮ್ಮ ನೆಂಟರಿದ್ದಾರೆ. ಅಲ್ಲಿ ಮನೆ ದಾಟಿದ್ರೆ ಗಜನಿ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಹಿನ್ನೀರಿನ ಉಪ್ಪುನೀರು ಬಂದು ಹೋಗೋ ಗದ್ದೆ. ಮಳೆಗಾಲದಲ್ಲಿ ಕಗ್ಗ ಭತ್ತ, ಆಮೇಲೆ ಸಿಗಡಿ, ಮೀನು. ಇಳಿತದ ಹೊತ್ತಿಗೆ ಹೆಂಗಸರು ಹೊಳೆಯಲ್ಲಿ ಬಳಚು ಹೆಕ್ಕೋಕೆ ಇಳೀತಾರೆ, ಸಣ್ಣ ಮಕ್ಕಳು ದಡದಲ್ಲಿ ಕೂತಿರ್ತಾವೆ. ನೀರು ದಿನಕ್ಕೆ ಎರಡು ಸಲ ಏರಿ ಇಳೀತದೆ, ಆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತದೆ. ನಿನ್ನೆ ಇದೇ ಹೊತ್ತಿಗೆ ಮಗು ಕೂತ ಜಾಗ ಒಣಗಿತ್ತು ಅನ್ನೋದು ಇವತ್ತಿಗೆ ಲೆಕ್ಕಕ್ಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದರಲ್ಲಿ ಹತ್ತಿರ ಹತ್ತಿರ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು.

ಈಗ ನನಗೆ ನಿದ್ದೆ ಕೆಡಿಸಿದ ವಿಷಯ. ಸಿನಿಮಾದಲ್ಲಿ ಮುಳುಗೋರು ಕೈ ಬೀಸ್ತಾರೆ, ಕಾಪಾಡಿ ಅಂತ ಕೂಗ್ತಾರೆ. ಅಮೆರಿಕದ ಲೈಫ್‌ಗಾರ್ಡ್ ಫ್ರಾಂಕ್ ಪಿಯಾ ವರ್ಷಗಟ್ಟಲೆ ನೋಡಿ ಹೇಳಿದ್ದು ಬೇರೆ. ನಿಜವಾಗಿ ಮುಳುಗ್ತಿರೋರು ಕೂಗಲ್ಲ. ಕೂಗೋಕೆ ಉಸಿರು ಬೇಕು, ಬಾಯಿ ನೀರಿನ ಮೇಲೆ ಬಂದ ಅರೆಕ್ಷಣದಲ್ಲಿ ಉಸಿರು ಎಳ್ಕೊಳ್ಳೋಕೇ ಸಮಯ ಸಾಲಲ್ಲ. ಕೈಗಳು ತಾವಾಗಿಯೇ ಅಕ್ಕಪಕ್ಕ ನೀರನ್ನ ಒತ್ತುತ್ತಾವೆ, ಬೀಸೋಕೆ ಏಳಲ್ಲ. ಹೀಗೆ 20ರಿಂದ 60 ಸೆಕೆಂಡ್. ಆಮೇಲೆ ಇಲ್ಲ. ಪುಟ್ಟ ಮಕ್ಕಳ ವಿಷಯದಲ್ಲಿ ಇನ್ನೂ ಕಷ್ಟ, ಮೈಗೆ ಹೋಲಿಸಿದ್ರೆ ಅವರ ತಲೆ ಭಾರ. ಬಕೆಟ್ ಒಳಗೆ ಬಗ್ಗಿ ತಲೆ ಮುಂದಾದ್ರೆ ತಾವಾಗಿ ಎತ್ಕೊಳ್ಳೋಕೆ ಆಗಲ್ಲ. ನೀರು ಒಂದು ಗೇಣು ಇದ್ರೂ ಸಾಕು.

ಹಾಗಾಗಿ ಆಯಿ ಹೇಳಿದ "ಶಬ್ದನೇ ಇಲ್ಲೆ" ಅನ್ನೋ ಮಾತನ್ನ ಮುದುಕಿಯ ಗಾಬರಿ ಅಂತ ತಳ್ಳಿಹಾಕಬೇಡಿ. ಗಲಾಟೆ ಮಾಡ್ತಿರೋ ಮಗು ಉಸಿರಾಡ್ತಿದೆ ಅನ್ನೋದು ಖಾತ್ರಿ.

ಬಾಂಗ್ಲಾದೇಶದ ಹಳ್ಳಿಗಳು ನಮ್ಮ ಹಾಗೇ, ಮನೆಗೊಂದು ಕೊಳ. ಅಲ್ಲಿ ಮಕ್ಕಳು ಯಾವಾಗ ಮುಳುಗ್ತಾರೆ ಅಂತ ನೋಡಿದಾಗ ಹೆಚ್ಚಿನವು ಬೆಳಗ್ಗೆ ಸುಮಾರು 9ರಿಂದ ಮಧ್ಯಾಹ್ನ 1ರ ಒಳಗೆ. ರಾತ್ರಿಯಲ್ಲ, ಮಳೆಯ ಅಬ್ಬರದಲ್ಲೂ ಅಲ್ಲ. ಅಡುಗೆ, ಬಟ್ಟೆ, ದನ, ಹೊಲ ಅಂತ ತಾಯಂದಿರಿಗೆ ಕೈತುಂಬ ಕೆಲಸ ಇರೋ ಹೊತ್ತು. ಅದೇ ಹೊತ್ತಿಗೆ ಊರಿನ ಒಬ್ಬ ಹೆಂಗಸಿನ ಮನೆಯಲ್ಲಿ ಪುಟ್ಟ ಮಕ್ಕಳನ್ನ ಕೂರಿಸಿ ನೋಡಿಕೊಳ್ಳೋ ಕೇಂದ್ರಗಳನ್ನ ಮಾಡಿದರು, 'ಆಂಚಲ್' ಅಂತ ಹೆಸರು. ಅಲ್ಲಿಗೆ ಹೋದ ಮಕ್ಕಳಲ್ಲಿ ಮುಳುಗಿ ಸಾಯೋದು ಶೇಕಡ 80ಕ್ಕಿಂತ ಹೆಚ್ಚು ಕಡಿಮೆ ಆಯ್ತು. ಅಷ್ಟು ದೊಡ್ಡ ಫಲಿತಾಂಶಕ್ಕೆ ಮೆಷಿನ್ ಏನೂ ಇಲ್ಲ, ನಾಲ್ಕು ಗಂಟೆ ಒಬ್ಬರ ಕಣ್ಣು ಅಷ್ಟೇ.

ನಮ್ಮಲ್ಲಿ ಮೂರು ವರ್ಷ ಆದವರಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕವರಿಗೆ ಅಂತ 2023ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ಅಂತ ಶಿಶುಪಾಲನಾ ಕೇಂದ್ರ ಘೋಷಣೆ ಆಯ್ತು, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋ ತಾಯಂದಿರನ್ನ ಮನಸ್ಸಿನಲ್ಲಿಟ್ಟು. (ನಮ್ಮ ಕಡೆ ಕೂಸು ಅಂದ್ರೆ ಹುಡುಗಿ. ಇದು ಹೆಣ್ಣುಮಕ್ಕಳಿಗೆ ಮಾತ್ರವಾ ಅಂತ ಆಯಿ ಕೇಳಿದ್ದರು.) ನಿಮ್ಮ ಪಂಚಾಯತಿಯಲ್ಲಿ ಅದು ಇದೆಯಾ, ಬಾಗಿಲು ತೆರೆದಿದೆಯಾ ಅಂತ ಒಂದು ಸಲ ಹೋಗಿ ಕೇಳಿ. ಅಂಗನವಾಡಿ ಟೀಚರನ್ನ ನಾವೆಲ್ಲ ಉಪ್ಪಿಟ್ಟು-ಮೊಟ್ಟೆ ಲೆಕ್ಕದಲ್ಲಿ ನೋಡ್ತೇವೆ. ಈ ಓದಿನ ನಂತರ ನಾನು ನೋಡೋದು ಬದಲಾಗಿದೆ.

ಆದರೂ ಮುಳುಗಿದ ಮಗುವನ್ನ ಎತ್ತಿದಿರಿ ಅಂತಿಟ್ಟುಕೊಳ್ಳಿ. ಊರಲ್ಲಿ ಮೊದಲು ಮಾಡೋದು ಕಾಲು ಹಿಡಿದು ತಲೆಕೆಳಗು ಮಾಡೋದು, ಹೊಟ್ಟೆ ಒತ್ತಿ ನೀರು ತೆಗೆಯೋದು. ಎರಡೂ ಬೇಡ. ಹೊಟ್ಟೆ ಒತ್ತಿದ್ರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗ್ತದೆ, ಸಮಯವೂ ಹೋಗ್ತದೆ. ಉಸಿರಿಲ್ಲದ ಮಗುವಿಗೆ ಬೇಕಾಗಿರೋದು ಉಸಿರು. ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಬಾಯಿಗೆ ಬಾಯಿ ಇಟ್ಟು ಮೊದಲು ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತೋದು, ಎರಡು ಉಸಿರು, ಹೀಗೆ ನಿಲ್ಲಿಸದೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡ್ತಿರಬೇಕು. ಕೇಳಿದ್ರೆ ಸುಲಭ, ಕೈಗೆ ಬರೋಕೆ ಅಭ್ಯಾಸ ಬೇಕು. ಎಲ್ಲಾದರೂ ಪ್ರಥಮ ಚಿಕಿತ್ಸೆ ತರಬೇತಿ ಸಿಕ್ಕಿದ್ರೆ ಬಿಡಬೇಡಿ. ನಾನು ಬೊಂಬೆ ಮೇಲೆ ಎರಡು ನಿಮಿಷ ಮಾಡಿ ಬೆವರಿದ್ದೆ.

ಎರಡು ಗಂಟೆ, ನೂರು ಚಿಲ್ಲರೆ ಕಿಲೋಮೀಟರ್

ಬಾವಿ ದೊಡ್ಡದು, ಕಣ್ಣಿಗೆ ಕಾಣ್ತದೆ. ಕಾಣದ ಇನ್ನೊಂದು ಇದೆ. ಜಾತ್ರೆಯಲ್ಲಿ ತಂದ ಮಿಣಿಮಿಣಿ ಲೈಟಿನ ಆಟಿಕೆ, ಎಲ್‌ಇಡಿ ದೀಪ, ಕಾರಿನ ಕೀ, ಚಿಕ್ಕ ರಿಮೋಟ್, ಅಡುಗೆ ಮನೆಯ ಡಿಜಿಟಲ್ ತಕ್ಕಡಿ. ಇವುಗಳೊಳಗೆ ನಾಣ್ಯದ ಹಾಗಿರೋ ಒಂದು ಸೆಲ್ ಇರ್ತದೆ, ಬಟನ್ ಬ್ಯಾಟರಿ.

ಮಕ್ಕಳು ನಾಣ್ಯ ನುಂಗೋದು ಹಳೇ ಕಥೆ. ಬಾಳೆಹಣ್ಣು ತಿನ್ನಿಸಿ ಎರಡು ದಿನ ಕಾದು ನೋಡಿದ ಅನುಭವ ಪ್ರತಿ ಮನೆಯಲ್ಲೂ ಇದೆ. ಬ್ಯಾಟರಿ ಹಾಗಲ್ಲ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಅಲ್ಲಿನ ತೇವಕ್ಕೆ ಕರೆಂಟ್ ಹರಿಯೋಕೆ ಶುರುವಾಗ್ತದೆ, ಸುತ್ತಲೂ ಸುಡೋ ಕ್ಷಾರ ಹುಟ್ಟುತ್ತದೆ. ಬ್ಯಾಟರಿ ಸೋರಬೇಕು ಅಂತಿಲ್ಲ. ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟು ಗಾಯ ಆಗಬಹುದು. ಅತಿ ಅಪಾಯ 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಸೆಲ್, ಮೇಲೆ ಸಿಆರ್2032 ಅಂತೆಲ್ಲ ಬರೆದಿರ್ತದಲ್ಲ, ಅದು. ಆಟಿಕೆಯಲ್ಲಿ ಲೈಟ್ ಬರದಷ್ಟು ಮುಗಿದ ಸೆಲ್ಲಿನಲ್ಲೂ ಸುಡೋಕೆ ಬೇಕಾದಷ್ಟು ಉಳಿದಿರ್ತದೆ. ಮೊದಮೊದಲು ಲಕ್ಷಣವೂ ಇರಲ್ಲ: ಸ್ವಲ್ಪ ಜೊಲ್ಲು, ಊಟ ಬೇಡ ಅನ್ನೋದು, ಕೆಮ್ಮು. ಶೀತ ಅಂದುಕೊಂಡು ಬಿಡ್ತೇವೆ.

ನುಂಗಿದೆ ಅಂತ ಅನುಮಾನ ಬಂದ್ರೂ ಸಾಕು, ವಾಂತಿ ಮಾಡಿಸಬಾರದು, ಬಾಳೆಹಣ್ಣು ಬೇಡ, ಎಕ್ಸ್-ರೇ ಇರೋ ಆಸ್ಪತ್ರೆಗೆ ಹೊರಡಬೇಕು. ಒಂದು ವರ್ಷ ತುಂಬಿದ ಮಗುವಾದ್ರೆ, ನುಂಗಿ 12 ಗಂಟೆ ಆಗಿರದಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚ ಜೇನುತುಪ್ಪ ಕೊಡಬಹುದು ಅಂತ ತಜ್ಞರು ಹೇಳ್ತಾರೆ, ಆರು ಸಲದವರೆಗೆ. ಅದು ಸುಡೋದನ್ನ ಸ್ವಲ್ಪ ನಿಧಾನ ಮಾಡ್ತದೆ, ಚಿಕಿತ್ಸೆ ಅಲ್ಲ. ಜೇನು ಹುಡುಕೋಕೆ ಅಂತ ಹೊರಡೋದು ತಡ ಆಗಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು.

ಈಗ ನನ್ನ ಬಿಕಾಂ ತಲೆ ಮಾಡಿದ ಲೆಕ್ಕ. ಸಮಯ ಎರಡು ಗಂಟೆ. ಮಗುವಿಗೆ ಅರಿವಳಿಕೆ ಕೊಟ್ಟು ಎಂಡೋಸ್ಕೋಪಿಯಲ್ಲಿ ತೆಗೆಯಬೇಕು. ಇಂಥದ್ದಕ್ಕೆ ನಮ್ಮ ಕಡೆಯವರು ಸಾಮಾನ್ಯವಾಗಿ ಓಡೋದು ಮಣಿಪಾಲ, ಮಂಗಳೂರು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್. ಹೊನ್ನಾವರದಿಂದ ಇನ್ನೊಂದು 40 ಸೇರಿಸಿ. ಕುಮಟಾದಿಂದ ಅದರ ಮೇಲೆ 20. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಕುಮಟಾದವರಿಗೆ ಅದು ಹತ್ತಿರ. ಆದರೆ ರಸ್ತೆ? 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನ ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ತೀರಿಕೊಂಡರು. ಮಳೆಯಲ್ಲಿ ಅದು ಜಾರಿದ ಸಿಸಿಟಿವಿ ವಿಡಿಯೋ ನಿಮ್ಮ ಫೋನಿಗೂ ಬಂದಿರ್ತದೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋ ಅಭಿಯಾನ ಆ ದಿನಗಳಲ್ಲಿ ಜಾಲತಾಣದಲ್ಲಿ ಜೋರಾಗಿ ನಡೀತು, ನಾವೆಲ್ಲ ಹ್ಯಾಶ್‌ಟ್ಯಾಗ್ ಹಾಕಿದವರೇ. ಉತ್ತರದ ಕಡೆ ಹೋಗೋಣ ಅಂದ್ರೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್. ಎರಡು ಶಿರೂರು, ಎರಡು ದಿಕ್ಕು, ಎರಡೂ ಜುಲೈ.

ಆಸ್ಪತ್ರೆ ಬರಬೇಕು, ಅದನ್ನ ಕೇಳೋದು ಬಿಡೋದಲ್ಲ. ಅದು ಬರೋವರೆಗೆ ಬೆಂಗಳೂರಿನ ಮಗು ಮಾಡೋ ಅದೇ ತುಂಟತನಕ್ಕೆ ನಮ್ಮ ಮಗು ಹೆಚ್ಚು ಬೆಲೆ ಕೊಡಬೇಕಾಗ್ತದೆ. ಹಾಗಾಗಿ ಮನೆಯಲ್ಲಿರೋ ಆಟಿಕೆಗಳ ಹಿಂಬದಿ ನೋಡಿ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರಿನಲ್ಲೇ ತೆಗೀಬಹುದು ಅಂದ್ರೆ ಅದನ್ನ ಮಗುವಿನ ಕೈಗೆ ಕೊಡಬೇಡಿ. ಅರ್ಧ ಗಂಟೆ ಕೆಲಸ. ನಮ್ಮನೆಯಲ್ಲಿ ಅಂಥವು ಐದು ಸಿಕ್ಕಿದವು.

ಸೀಮೆಎಣ್ಣೆ, ಫಿನಾಯಿಲ್ ವಿಷಯ ಒಂದೇ ಸಾಲು: ಅವನ್ನ ತಂಪು ಪಾನೀಯದ ಬಾಟಲಿಯಲ್ಲಿ ಹಾಕಿಡಬೇಡಿ, ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿ.

ಅಪ್ಪ ಫೋನಿನೊಳಗೆ ಇದ್ದಾರೆ

ಸ್ವಲ್ಪ ಹಗುರದ ವಿಷಯಕ್ಕೆ ಬರೋಣ. ನನ್ನ ಬಿಕಾಂ ಕ್ಲಾಸ್‌ಮೇಟ್ ಒಬ್ಬ ಭಟ್ಕಳದವನು, ಈಗ ದುಬೈನಲ್ಲಿ. ಮಗನಿಗೆ ನಾಲ್ಕು ವರ್ಷ, ಭಟ್ಕಳದಲ್ಲಿ ತಾಯಿ, ಅಜ್ಜಿ ಜೊತೆ. ಇವನು ಆರು ಗಂಟೆಗೆ ಕೆಲಸ ಬಿಟ್ಟಾಗ ಭಟ್ಕಳದಲ್ಲಿ ಏಳೂವರೆ. ಆಗ ವಿಡಿಯೋ ಕಾಲ್. ಆ ಹುಡುಗನಿಗೆ ಅಪ್ಪ ಅಂದ್ರೆ ಫೋನು. ಮಕ್ಕಳಿಗೆ ಫೋನ್ ಕೊಡಬೇಡಿ ಅಂತ ಎಲ್ಲರೂ ಹೇಳ್ತಾರೆ, ಅಪ್ಪನೇ ಅದರೊಳಗೆ ಇರುವಾಗ ಹೇಗೆ ಕಿತ್ಕೊಳ್ಳೋದು? ಎರಡು ವರ್ಷದವನಿದ್ದಾಗ ಅಪ್ಪನಿಗೆ ತಿನ್ನಿಸ್ತೇನೆ ಅಂತ ಶಾವಿಗೆ ಬಿರಿಯಾನಿಯನ್ನ ಚಾರ್ಜರ್ ತೂತಿಗೆ ತುರುಕಿದ್ದ. ಸ್ಕ್ರೀನ್ ಟೈಮ್ ಬಗ್ಗೆ ಭಾಷಣ ಮಾಡೋರು ಇಂಥ ಮನೆಗಳನ್ನ ಒಂದು ಸಲ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಅಪ್ಪನ ಜೊತೆ ಮಾತಾಡೋ ಹೊತ್ತು, ಒಂದೇ ಸಮನೆ ವಿಡಿಯೋ ಓಡೋ ಹೊತ್ತು, ಇವೆರಡನ್ನ ಒಂದೇ ಖಾತೆಗೆ ಬರೆಯೋದು ತಪ್ಪು.

ಕಾಲ್ ಮುಗಿದ ಮೇಲೆ ಫೋನು ಅವನ ಕೈಯಲ್ಲೇ ಉಳೀತಿತ್ತು, ಅಲ್ಲಿ ಆಟ. ಒಂದು ದಿನ ಆಟದೊಳಗೆ ವಜ್ರ ಕೊಂಡಿದ್ದ, ಮೂರು ಸಾವಿರ ಚಿಲ್ಲರೆ ರೂಪಾಯಿಗೆ. ಯುಪಿಐ ಆಗಿದ್ರೆ ಪಿನ್ ಬೇಕಿತ್ತು. ಇಲ್ಲಿ ಹಿಂದೆ ಯಾವಾಗಲೋ ಪ್ಲೇ ಸ್ಟೋರಿಗೆ ಗಿಫ್ಟ್ ಕೋಡ್ ಹಾಕಿಟ್ಟ ಹಣ ಇತ್ತು, ಖರೀದಿಗೆ ಪಾಸ್‌ವರ್ಡ್ ಕೇಳೋ ಸೆಟ್ಟಿಂಗ್ ಆಫ್ ಇತ್ತು.

ಅವನು ನನಗೆ ಫೋನ್ ಮಾಡಿ, ಮಾರಾಯಾ, ನಾವು ಓದಿದ್ದೆವಲ್ಲ, ಮೈನರ್ ಮಾಡಿದ ಒಪ್ಪಂದ ನಡೆಯಲ್ಲ ಅಂತ, ಅದನ್ನ ಹೇಳಿ ಹಣ ವಾಪಸ್ ಕೇಳ್ಲಾ ಅಂದ. ನಗು ಬಂತು. ಓದಿದ್ದು ನಿಜ: 1872ರ ಭಾರತೀಯ ಕರಾರು ಕಾಯ್ದೆ, ಸೆಕ್ಷನ್ 11. ಮೊಹೊರಿ ಬೀಬಿ–ಧರ್ಮದಾಸ್ ಘೋಷ್ ಕೇಸು, 1903. ಅಪ್ರಾಪ್ತ ವಯಸ್ಕನ ಕರಾರು ಹುಟ್ಟಿನಿಂದಲೇ ಅನೂರ್ಜಿತ ಅಂತ ಪ್ರಿವಿ ಕೌನ್ಸಿಲ್ ತೀರ್ಪು. ಪರೀಕ್ಷೆಗೆ ತಪ್ಪದೇ ಬರ್ತಿದ್ದ ಪ್ರಶ್ನೆ. ಆದರೆ ಇಲ್ಲಿ ಅಕೌಂಟ್ ಇರೋದು ಮಗನ ಹೆಸರಲ್ಲಲ್ಲ, ಅಪ್ಪನ ಹೆಸರಲ್ಲಿ. ಮೂರು ಸಾವಿರಕ್ಕೆ ಪ್ರಿವಿ ಕೌನ್ಸಿಲ್ ಬೇಡ. ಗೂಗಲ್ ಪ್ಲೇಯಲ್ಲೇ ರೀಫಂಡ್ ಕೇಳೋ ಫಾರ್ಮ್ ಇದೆ, ಮನೆಯವರು ಗೊತ್ತಿಲ್ಲದೇ ಕೊಂಡಿದ್ದು ಅಂತ ಕಾರಣ ಆರಿಸಬಹುದು. 48 ಗಂಟೆಯೊಳಗೆ ಕೇಳಿದ್ರೆ ಸಿಗೋ ಸಾಧ್ಯತೆ ಹೆಚ್ಚು. ಅವನಿಗೆ ಸಿಕ್ಕಿತು. ಆಮೇಲೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳೋ ಆಯ್ಕೆ ಆನ್ ಮಾಡಿದ. ನೀವೂ ಮಾಡಿ, ಅದಕ್ಕೆ ಒಂದು ನಿಮಿಷ.

ಇನ್ನು ನಮ್ಮನೆ ಬಾವಿ. ಜುಲೈನ ಆ ದಿನದ ಮಾರನೇ ದಿನವೇ ವೆಲ್ಡಿಂಗ್ ಅಂಗಡಿಯವರನ್ನ ಕರೆದು ಅಳತೆ ಕೊಟ್ಟೆ. ಕಬ್ಬಿಣದ ಜಾಲರಿ, ಕೊಡಪಾನ ಹೋಗುವಷ್ಟು ಚಿಕ್ಕ ಬಾಗಿಲು, ಅದಕ್ಕೆ ಚಿಲಕ. ಬಣ್ಣ ಸೇರಿ ಆರೂವರೆ ಸಾವಿರ. ಆ ತಿಂಗಳು ಹೊಸ ಮೈಕ್ ತಗೊಳ್ಳೋಕೆ ಇಟ್ಟ ಹಣ ಅದು. ಆಯಿಗೆ ಮೊದಲು ಸಿಟ್ಟು, ನೀರು ಸೇದೋಕೆ ತೊಂದರೆ ಅಂತ. ಅಜ್ಜ ಕಾಲದಿಂದ ಈ ಬಾವಿ ತೆರೆದೇ ಇತ್ತು, ನೀವೆಲ್ಲ ಬೆಳೀಲಿಲ್ವಾ ಅಂತ. ಅದಕ್ಕೆ ಅಪ್ಪಯ್ಯನೇ ಉತ್ತರ ಕೊಟ್ಟರು. ಆಗ ಮನೆಯಲ್ಲಿ ಹದಿನಾಲ್ಕು ಜನ ಇದ್ದರು, ಮಕ್ಕಳನ್ನ ಯಾರಾದರೂ ಒಬ್ಬರು ನೋಡ್ತಾನೇ ಇರ್ತಿದ್ದರು. ಈಗ ನೀನೊಬ್ಬಳೇ ಅಂದರು. ಆಯಿ ಆಮೇಲೆ ಏನೂ ಹೇಳಲಿಲ್ಲ.

ಬಚ್ಚಲಲ್ಲಿ ಬಕೆಟ್ ಈಗ ಬೋರಲು. ಮಾಣಿಗೆ ಗೆರಟೆ ಹಾಕೋಕೆ ಅಂಗಳದಲ್ಲಿ ಒಂದು ಅಗಲದ ಬೋಗುಣಿ ಇಟ್ಟಿದ್ದೇವೆ, ನೀರು ಒಂದು ಬೆರಳು ಮಾತ್ರ, ಅದೂ ಯಾರಾದರೂ ಪಕ್ಕದಲ್ಲಿ ಕೂತಾಗ, ಎದ್ದು ಹೋಗುವಾಗ ಚೆಲ್ಲೋದು. ಡುಬುಕ್ ಅಷ್ಟು ಚೆನ್ನಾಗಿ ಬರಲ್ಲ ಅಂತ ಅವನ ತಕರಾರಿದೆ. ನಾನು ರೆಕಾರ್ಡಿಂಗ್ ಮಾಡೋದು ಈಗ ರಾತ್ರಿ, ಅವರಿಬ್ಬರೂ ಮಲಗಿದ ಮೇಲೆ. ಹಗಲಲ್ಲಿ ಮಾಡಲೇಬೇಕಾಗಿ ಬಂದ್ರೆ ಬಾಗಿಲು ತೆರೆದಿಟ್ಟೇ ಮಾಡ್ತೇನೆ. ಈ ಎಪಿಸೋಡಿನ ನಡುವೆ ಪಾತ್ರೆ ಬಿದ್ದ ಸದ್ದು, ಯಾರೋ ಚೆಂಡೆ ಬಡಿದ ಸದ್ದು ಕೇಳಿದ್ರೆ ಅದು ನಮ್ಮವರೇ. ತೆಗೆದಿಲ್ಲ.

ನಿಮ್ಮ ಮನೆಯ ತುಂಟರ ಕಥೆಗಳಿದ್ರೆ ವಾಯ್ಸ್ ನೋಟ್ ಮಾಡಿ ಕಳಿಸಿ, ಒಂದು ನಿಮಿಷದೊಳಗೆ. ಮುಂದಿನ ವಾರ ಮತ್ತೆ ದುಡ್ಡಿನ ವಿಷಯ: ಚಿನ್ನದ ಸಾಲ, ಬ್ಯಾಂಕ್ ಒಳ್ಳೇದಾ, ಸೊಸೈಟಿ ಒಳ್ಳೇದಾ ಅಂತ. ಅಲ್ಲಿವರೆಗೆ ಬರ್ತೇನೆ.